ಒಂದು ಸುರಂಗ, ಮೂರು ಕೆರೆಗಳು

ನಮ್ಮ ಮನೆಯ ಹಿಂದಿನ ಗುಡ್ಡದ ಬುಡದಲ್ಲಿ ಒಂದು ಸುರಂಗವಿದೆ. ಕಾಸರಗೋಡಿನವರಿಗೆ ಸುರಂಗವೆಂದರೇನೆಂದು ವಿವರಿಸಬೇಕಾಗಿಲ್ಲ. ಹೊರ ಊರುಗಳಿಂದ ಸಮ್ಮೇಳನಕ್ಕೆ ಬಂದು ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವವರಿಗಾಗಿ ಎರಡು ಮಾತು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ, ಪಿಕ್ಕಾಸಿನಿಂದ ಕೊರೆಯುತ್ತ ಹೋದರೆ ಎಲ್ಲಿಯೋ ಒಂದು ಕಡೆ ಕಲ್ಲು ಬೆವರತೊಡಗುತ್ತದೆ. ಆ ಬೆವರು ಹನಿಯಾಗಿ, ಹನಿ ಎಳೆಯಾಗಿ, ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ನಮ್ಮ ಸುರಂಗದ ಎಳೆ ಕಿರುಬೆರಳಿನಷ್ಟು ದಪ್ಪ. ಅಷ್ಟೇ ನೀರಿನಲ್ಲಿ ಅಜ್ಜ ಒಂದು ಕಂಗಿನ ತೋಟವನ್ನು ಎಬ್ಬಿಸಿದ್ದರು.

ಅಜ್ಜನ ಕಾಲದಲ್ಲಿ ಆ ನೀರಿಗೆ ಒಂದೇ ಕೆರೆ. ಸಂಜೆ ತೂಬು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಕೆರೆ ತುಂಬುತ್ತಿತ್ತು; ತೂಬು ತೆಗೆದರೆ ಕಣಿಗಳಲ್ಲಿ ಹರಿದು ತೋಟದ ತುದಿಯವರೆಗೆ ಹೋಗುತ್ತಿತ್ತು. ಯಾವ ಮರಕ್ಕೆ ಎಷ್ಟು ನೀರು ಎಂದು ಯಾರೂ ಕೇಳುತ್ತಿರಲಿಲ್ಲ. ಬೇಕಾದಲ್ಲಿಗೆ ಬೇಕಾದಷ್ಟು ತಿರುಗಿಸುವ ಕೆಲಸ ಅಜ್ಜನ ಹಾರೆಯದ್ದು. ಅಜ್ಜ ತೀರಿಕೊಂಡ ಮರುವರ್ಷ ಪಾಲಾಯಿತು. ದೊಡ್ಡಪ್ಪ, ಅಪ್ಪ, ಅಪ್ಪಚ್ಚಿ, ಮೂವರಿಗೂ ಒಂದೊಂದು ಕೆರೆ ಬೇಕಾಯಿತು. ಮೂರನೆಯ ಒಂದು ಪಾಲು ತೋಟಕ್ಕೆ ಅಜ್ಜನ ಕೆರೆಯ ಅರ್ಧದಷ್ಟು ಇದ್ದರೆ ಧಾರಾಳವಾಯಿತು, ಸ್ವಲ್ಪ ಮಿಗುತ್ತದೆ ಎಂಬುದು ದೊಡ್ಡಪ್ಪನ ಲೆಕ್ಕ. ಅಪ್ಪನದ್ದೂ ಅದೇ. ಅಪ್ಪಚ್ಚಿಯದ್ದೂ ಅದೇ. ಒಬ್ಬೊಬ್ಬರ ಲೆಕ್ಕವನ್ನು ಬಿಡಿಯಾಗಿ ನೋಡಿದರೆ ಯಾವುದರಲ್ಲಿಯೂ ತಪ್ಪಿರಲಿಲ್ಲ.

ಮಳೆಗಾಲದಲ್ಲಿ ಮೂರೂ ಕೆರೆಗಳು ತುಂಬಿ ಕೋಡಿ ಹರಿದವು. ಮಕರ ಮಾಸದವರೆಗೂ ಯಾರಿಗೂ ಏನೂ ತಿಳಿಯಲಿಲ್ಲ. ಕುಂಭ ಮಾಸದಲ್ಲಿ ಗುಡ್ಡದ ಬೆವರು ಕಡಿಮೆಯಾದಾಗ ಮೂರು ಅರ್ಧಗಳು ಸೇರಿದರೆ ಒಂದೂವರೆಯಾಗುತ್ತದೆ ಎಂಬ ಸತ್ಯ ಹೊರಬಿತ್ತು. ಕೆಳಗಿನ ಪಾಲು ನಮ್ಮದು. ಆ ಬೇಸಿಗೆಯಲ್ಲಿ ನಮ್ಮ ಹನ್ನೊಂದು ಕಂಗುಗಳು ಸುಳಿ ಒಣಗಿ ಸತ್ತವು. ನನಗಾಗ ಹತ್ತು ವರ್ಷ. ಸತ್ತ ಮರಗಳನ್ನು ಕಡಿಯುವಾಗ ಎಣಿಸಿದವನು ನಾನೇ.

ಈ ಕಥೆಯನ್ನು ಬಲ್ಲವನಾಗಿದ್ದೂ ಮೂವತ್ತು ವರ್ಷಗಳ ಬಳಿಕ ಅದೇ ತಪ್ಪನ್ನು ನಾನು ಬೆಂಗಳೂರಿನಲ್ಲಿ, ಸಂಬಳ ಪಡೆದು, ಮಾಡಿದೆ.

ಆಗ ನಾನು ದುಡಿಯುತ್ತಿದ್ದ ಸಂಸ್ಥೆಯು ಹಲವು ಊರುಗಳಲ್ಲಿದ್ದ ರಕ್ತಪರೀಕ್ಷಾ ಪ್ರಯೋಗಾಲಯಗಳ ವರದಿಗಳನ್ನು ಒಂದೆಡೆ ಕಾಯ್ದಿಡುವ ಕೆಲಸವನ್ನು ವಹಿಸಿಕೊಂಡಿತ್ತು. ವರದಿಗಳ ಸ್ವಭಾವವೇ ವಿಚಿತ್ರ. ಸಕ್ಕರೆಯ ಪರೀಕ್ಷೆಗೆ ಒಂದು ಅಂಕಿ; ಥೈರಾಯ್ಡಿಗೆ ಮೂರು; ಕಲ್ಚರ್ ವರದಿಯೊಂದಕ್ಕೆ ಪುಟ ತುಂಬ ಬರಹ. ಸಾಲು-ಕಂಬಗಳ ಖಾತೆಪುಸ್ತಕದಲ್ಲಿ ಇವನ್ನು ಕೂಡಿಸಹೊರಟರೆ ಅರ್ಧಕ್ಕರ್ಧ ಕಂಬಗಳು ಖಾಲಿ ಬೀಳುತ್ತವೆ. ಆದ್ದರಿಂದ ಪ್ರತಿಯೊಂದು ವರದಿಯನ್ನೂ ಅದರದೇ ಆಕಾರದಲ್ಲಿ, ಒಂದೊಂದು ಕಾಗದದಂತೆ ಇರಿಸಿಕೊಳ್ಳುವ ಡಾಕ್ಯುಮೆಂಟ್ ಡೇಟಾಬೇಸನ್ನು ಆರಿಸಿದ್ದೆವು. ನಾವು ಬಳಸಿದ್ದು ಮೊಂಗೊಡಿಬಿ.

ಇಂತಹ ಡೇಟಾಬೇಸಿನ ಎಲ್ಲ ಕಾಗದಗಳೂ ಡಿಸ್ಕಿನಲ್ಲಿರುತ್ತವೆ. ಆದರೆ ಕೇಳಿದ ಕ್ಷಣದಲ್ಲಿ ಒದಗಿಸಬೇಕಾದರೆ ಪದೇ ಪದೇ ಬೇಕಾಗುವವು ಯಂತ್ರದ ಮೆಮೊರಿಯಲ್ಲಿ, ಕೈಗೆಟಕುವಂತೆ, ಇರಬೇಕು. ಆ ಕೈಗೆಟಕುವ ಜಾಗವೇ ಕ್ಯಾಶ್. ಅಟ್ಟದ ಮೇಲೆ ಭರಣಿಗಟ್ಟಲೆ ಉಪ್ಪಿನಕಾಯಿ ಇದ್ದರೂ ಅಡುಗೆಮನೆಯ ಗೂಡಿನಲ್ಲಿ ಒಂದು ಸಣ್ಣ ಜಾಡಿ ಇರುತ್ತದಲ್ಲ, ಹಾಗೆ. ಗೂಡು ಎಷ್ಟು ದೊಡ್ಡದಿರಬೇಕು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಇತಿಹಾಸವಿದೆ, ಮತ್ತು ನನ್ನ ತಪ್ಪಿನ ಬೇರು ಅಲ್ಲಿಯೇ ಇದೆ. ನಾನು ಕೆಲಸ ಕಲಿತ ಕಾಲದಲ್ಲಿ ಮೊಂಗೊಡಿಬಿಯ ಒಳಗಿದ್ದ ಹಳೆಯ ಎಂಜಿನ್ ತನ್ನದೇ ಆದ ಕ್ಯಾಶನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಕಡತಗಳನ್ನು ಮೆಮೊರಿಗೆ ಹೊಂದಿಸಿ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಚಿಂತೆಯನ್ನೆಲ್ಲ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಿಬಿಡುತ್ತಿತ್ತು. ಒಂದೇ ಯಂತ್ರದಲ್ಲಿ ಮೂರು ಡೇಟಾಬೇಸುಗಳು ನಡೆಯುತ್ತಿದ್ದರೂ ಯಜಮಾನ ಒಬ್ಬನೇ. ಅವನೇ ನೋಡಿ ಹಂಚುತ್ತಿದ್ದ. ಅಜ್ಜನ ಹಾರೆಯ ಹಾಗೆ. 2014ರ ಡಿಸೆಂಬರಿನಲ್ಲಿ ಮೊಂಗೊಡಿಬಿಯು ವೈಯರ್ಡ್‌ಟೈಗರ್ ಎಂಬ ಸಂಸ್ಥೆಯನ್ನು ಕೊಂಡುಕೊಂಡಿತು. ಆ ಸಂಸ್ಥೆ ಕಟ್ಟಿದ್ದ ಅದೇ ಹೆಸರಿನ ಎಂಜಿನ್ 3.2ರ ಆವೃತ್ತಿಯಿಂದ ಮೂಲ ಆಯ್ಕೆಯಾಯಿತು. ಇದು ತನ್ನ ಕ್ಯಾಶನ್ನು ತಾನೇ ಕಟ್ಟಿಕೊಳ್ಳುತ್ತದೆ. ನಾವು ಏನನ್ನೂ ಹೇಳದಿದ್ದರೆ ಯಂತ್ರದ ಒಟ್ಟು ಮೆಮೊರಿಯಲ್ಲಿ ಒಂದು ಜಿಬಿಯನ್ನು ಕಳೆದು, ಉಳಿದುದರ ಅರ್ಧವನ್ನು ತನ್ನದೆಂದು ಬಗೆಯುತ್ತದೆ. ಪಕ್ಕದಲ್ಲಿ ಇನ್ನೊಂದು ಇದೆಯೇ ಎಂದು ಅದು ನೋಡುವುದಿಲ್ಲ. ನೋಡುವುದು ಅದರ ಧರ್ಮವೂ ಅಲ್ಲ.

2019ರಲ್ಲಿ ನಮ್ಮ ವರದಿಗಳ ರಾಶಿ ಬೆಳೆದು, ಅದನ್ನು ಮೂರು ಪಾಲು ಮಾಡಬೇಕಾಗಿ ಬಂತು. ಇದಕ್ಕೆ ಶಾರ್ಡಿಂಗ್ ಎನ್ನುತ್ತಾರೆ. ಪ್ರತಿ ಪಾಲಿಗೂ ಮೂರು ಪ್ರತಿಗಳು, ಒಂದು ಯಂತ್ರ ಕೆಟ್ಟರೂ ಉಳಿದೆರಡರಲ್ಲಿ ಕಾಗದ ಇರಬೇಕಾದ್ದರಿಂದ. ಲೆಕ್ಕದಂತೆ ಒಂಬತ್ತು ಸರ್ವರುಗಳು ಬೇಕು. ನಮಗೆ ಕೊಟ್ಟದ್ದು ಮೂರು. ಒಂದೊಂದಕ್ಕೂ 64 ಜಿಬಿ ಮೆಮೊರಿ. ಮೂರೂ ಪಾಲುಗಳ ಒಂದೊಂದು ಪ್ರತಿಯನ್ನು ಪ್ರತಿ ಸರ್ವರಿನಲ್ಲಿಯೂ ಕೂರಿಸುವ ಯೋಜನೆಯನ್ನು ನಾನೇ ಬರೆದೆ. ಉಳಿತಾಯದ ಯೋಜನೆಯೆಂದು ಅದಕ್ಕೆ ಮೆಚ್ಚುಗೆಯೂ ದೊರೆಯಿತು.

ಅದನ್ನು ಯಂತ್ರದ ಮೇಲೆ ಜಾರಿಗೆ ತಂದವಳು ನನ್ನ ಕೈಕೆಳಗಿದ್ದ, ರಾಯಚೂರು ಕಡೆಯ ಒಬ್ಬ ತರುಣಿ. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಜಾರಿಗೆ ತರುವ ಹಿಂದಿನ ಸಂಜೆ ನನ್ನ ಮೇಜಿನ ಬಳಿ ಬಂದು ನಿಂತಳು.

“ಸರ್, ಒಂದಾ ಮಷೀನಿನಾಗ ಮೂರು ಕೂಡಸಾಕತ್ತೀವಲ್ರಿ. ಕ್ಯಾಶ್ ಸೈಜ್ ಒಂದ್ಸಲ ಲೆಕ್ಕ ಹಾಕಿ ಇಡೂಣೇನ್ರಿ?”

ನಾನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದೆ: “ಅದನ್ನು ಮಾಡಿದವರು ನಮಗಿಂತ ತಿಳಿದವರು. ಅವರು ಇಟ್ಟದ್ದು ಹಾಗೇ ಇರಲಿ ಬಿಡಮ್ಮ.”

ಆಕೆ ಮತ್ತೊಮ್ಮೆ ಕೇಳಲಿಲ್ಲ. ಕಿರಿಯರು ಎರಡನೆಯ ಸಲ ಕೇಳದಂತೆ ಉತ್ತರಿಸುವ ಕಲೆ ನನಗೆ ಆಗ ಚೆನ್ನಾಗಿ ಕರಗತವಾಗಿತ್ತು.

ಐದು ವಾರ ಎಲ್ಲವೂ ಸುಗಮವಾಗಿತ್ತು. ಕ್ಯಾಶ್ ಒಂದೇ ದಿನದಲ್ಲಿ ತುಂಬುವುದಿಲ್ಲ; ಹೊಸ ಹೊಸ ಕಾಗದಗಳನ್ನು ಮುಟ್ಟಿದಂತೆಲ್ಲ ಮೆಲ್ಲನೆ ಏರುತ್ತದೆ. ನಮ್ಮ ಪಾಲಿಗೆ ಅದು ಮಳೆಗಾಲ. ಆರನೆಯ ವಾರದ ಸೋಮವಾರ ಬೆಳಗ್ಗೆ, ಬರಿಹೊಟ್ಟೆಯಲ್ಲಿ ರಕ್ತ ಕೊಡುವವರ ಸಾಲು ಎಲ್ಲ ಊರುಗಳಲ್ಲಿಯೂ ಉದ್ದವಾಗಿದ್ದ ಹೊತ್ತಿನಲ್ಲಿ, ಮೊದಲ ಸರ್ವರಿನಲ್ಲಿದ್ದ ಒಂದು ಡೇಟಾಬೇಸ್ ಇದ್ದಕ್ಕಿದ್ದಂತೆ ಸತ್ತಿತು.

64ರಲ್ಲಿ ಒಂದು ಕಳೆದರೆ 63. ಅದರ ಅರ್ಧ 31.5 ಜಿಬಿ. ಮೂರು ಡೇಟಾಬೇಸುಗಳಿಗೆ ಒಟ್ಟು 94.5. ವೈಯರ್ಡ್‌ಟೈಗರ್ ತನ್ನ ಗೂಡನ್ನು ಪೂರ್ತಿ ತುಂಬಿಸದೆ ನೂರಕ್ಕೆ 80ರ ಮಟ್ಟದಲ್ಲಿ ನಿಲ್ಲಿಸಿಕೊಳ್ಳಲು ಯತ್ನಿಸುತ್ತದೆ ಎಂಬುದು ನಿಜ. ಹಾಗೆ ನಿಂತರೂ ಮೂರಕ್ಕೆ 75 ಜಿಬಿ ದಾಟುತ್ತದೆ, ಇದ್ದದ್ದು 64. ಮೆಮೊರಿ ಮುಗಿದಾಗ ಲಿನಕ್ಸ್ ಅಳುವುದಿಲ್ಲ, ಕೂಗುವುದಿಲ್ಲ. ಹೆಚ್ಚು ತಿಂದವನು ಯಾರೆಂದು ನೋಡಿ ಅವನನ್ನು ಕೊಂದು ಉಳಿದವರನ್ನು ಬದುಕಿಸುತ್ತದೆ. ಆ ವ್ಯವಸ್ಥೆಗೆ ಔಟ್ ಆಫ್ ಮೆಮೊರಿ ಕಿಲ್ಲರ್ ಎಂದೇ ಹೆಸರು. ಸತ್ತದ್ದು ಆ ಪಾಲಿನ ಮುಖ್ಯ ಪ್ರತಿ. ಹತ್ತು ಸೆಕೆಂಡು ಅದರ ನಾಡಿ ಸಿಗದಿದ್ದಾಗ ಉಳಿದೆರಡು ಪ್ರತಿಗಳು ತಮ್ಮೊಳಗೆ ಚುನಾವಣೆ ನಡೆಸಿ ಹೊಸ ಮುಖ್ಯನನ್ನು ಆರಿಸಿಕೊಂಡವು. ಇದುವರೆಗೂ ಎಲ್ಲವೂ ಪುಸ್ತಕದಲ್ಲಿ ಬರೆದಂತೆಯೇ. ಆದರೆ ಹೊಸ ಮುಖ್ಯನಿದ್ದ ಎರಡನೆಯ ಸರ್ವರಿನಲ್ಲಿಯೂ ಅದೇ ಮೂರು ಅರ್ಧಗಳು. ಅಲ್ಲಿಗೆ ಹೊಸ ಹೊರೆ ಬಿದ್ದೊಡನೆ ಕ್ಯಾಶ್ ಏರಿತು. ಇಪ್ಪತ್ತು ನಿಮಿಷದಲ್ಲಿ ಅಲ್ಲಿಯೂ ಒಂದು ಸತ್ತಿತು. ಸತ್ತುದನ್ನು ಮತ್ತೆ ಎಬ್ಬಿಸಿದರೆ ಅದು ಬರಿಗೈಯಲ್ಲಿ ಏಳುತ್ತದೆ. ಗೂಡಿನಲ್ಲಿ ಏನೂ ಇರುವುದಿಲ್ಲ, ಪ್ರತಿ ಕಾಗದಕ್ಕೂ ಅಟ್ಟ ಹತ್ತಬೇಕು. ಹೀಗಾಗಿ ಬದುಕಿದ್ದವುಗಳ ವೇಗವೂ ಕುಸಿಯಿತು.

ಮಧ್ಯಾಹ್ನದವರೆಗೆ ಯಾವ ಊರಿನಲ್ಲಿಯೂ ವರದಿ ನೆಟ್ಟಗೆ ಹೊರಬರಲಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ವರದಿ ಬೇಕಾದವರು, ಇನ್ಸುಲಿನ್ ಎಷ್ಟೆಂದು ವೈದ್ಯರು ಹೇಳಲೆಂದು ಕಾಯುತ್ತಿದ್ದವರು, ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಸಂಜೆಯೊಳಗೆ ಹಿಂದಿರುಗಬೇಕಾದವರು ಪ್ರಯೋಗಾಲಯಗಳ ಬೆಂಚುಗಳಲ್ಲಿ ಕುಳಿತಿದ್ದರೆಂದು ಫೋನುಗಳಿಂದ ತಿಳಿಯುತ್ತಿತ್ತು. ನಾನು ಪರದೆಯ ಮೇಲೆ ಅಂಕಿಗಳನ್ನು ನೋಡುತ್ತಿದ್ದೆ. ಮೂರು ಅರ್ಧ ಸೇರಿದರೆ ಒಂದೂವರೆ. ಕಂಗು ಕಡಿಯುವ ಶಬ್ದ ನಿಜವಾಗಿಯೂ ಕಿವಿಯಲ್ಲಿ ಕೇಳಿಸಿತೆಂದು ಬರೆದರೆ ಅದು ಅಲಂಕಾರವಾದೀತು, ಕೇಳಿಸಲಿಲ್ಲ. ಕೇಳಿಸಿದ್ದು ಹಿಂದಿನ ತಿಂಗಳು ಮೇಜಿನ ಬಳಿ ನಿಂತು ಆಕೆ ಕೇಳಿದ ಪ್ರಶ್ನೆ.

ಆಕೆಯೂ ಪಕ್ಕದಲ್ಲಿಯೇ ಇದ್ದಳು. ಏನೂ ಹೇಳಲಿಲ್ಲ. ಮೂರೂ ಸರ್ವರುಗಳಲ್ಲಿ ಕ್ಯಾಶಿನ ಮಿತಿಯನ್ನು ತಲಾ 10 ಜಿಬಿ ಎಂದು ಬರೆದು, ಒಂದೊಂದನ್ನಾಗಿ ಮೇಲೆಬ್ಬಿಸುವ ಕೆಲಸವನ್ನು ಕೈ ನಡುಗದೆ ಮಾಡಿದವಳು ಆಕೆಯೇ.

ಮೂರು ಹತ್ತು ಮೂವತ್ತು. ಉಳಿದ 34 ಜಿಬಿಯನ್ನು ಏಕೆ ಖಾಲಿ ಬಿಡಬೇಕು ಎಂದು ಮೇಲಿನವರೊಬ್ಬರು ಕೇಳಿದರು. ಅದು ಖಾಲಿಯಲ್ಲ. ಈ ಎಂಜಿನ್ ಡಿಸ್ಕಿನಲ್ಲಿ ಕಾಗದಗಳನ್ನು ಅಮುಕಿ ಇಡುತ್ತದೆ, ಕ್ಯಾಶಿನಲ್ಲಿ ಬಿಡಿಸಿ ಇಡುತ್ತದೆ. ಹಲಸಿನ ಹಪ್ಪಳದ ಕಟ್ಟು ಕೈಯಲ್ಲಿ ಹಿಡಿಯುವಷ್ಟೇ ಇರುತ್ತದೆ. ಕರಿದರೆ ಕುಕ್ಕೆ ತುಂಬುತ್ತದೆ. ಆಪರೇಟಿಂಗ್ ಸಿಸ್ಟಮ್ ತನ್ನ ಬಳಿ ಇಟ್ಟುಕೊಳ್ಳುವುದು ಕರಿಯದ ಕಟ್ಟುಗಳನ್ನು. ಆದ್ದರಿಂದ ಆ ಕಡೆ ಬಿಟ್ಟ ಒಂದು ಜಿಬಿಯಲ್ಲಿ ಈ ಕಡೆಯ ಒಂದು ಜಿಬಿಗಿಂತ ಹೆಚ್ಚು ಕಾಗದಗಳು ಹಿಡಿಯುತ್ತವೆ. ಡಿಸ್ಕಿನವರೆಗೆ ಓಡುವುದು ತಪ್ಪುತ್ತದೆ. ಇದಲ್ಲದೆ ಪ್ರತಿ ಸಂಪರ್ಕಕ್ಕೂ, ಪ್ರತಿ ವಿಂಗಡಣೆಗೂ ಕ್ಯಾಶಿನ ಹೊರಗೆ ಮೆಮೊರಿ ಬೇಕು. ಮಿತಿಯೆಂದು ಬರೆದದ್ದು ಕ್ಯಾಶಿನ ಮಿತಿಯೇ ಹೊರತು ಡೇಟಾಬೇಸಿನ ಒಟ್ಟು ಹೊಟ್ಟೆಯ ಮಿತಿಯಲ್ಲ.

ಮುಂದಿನ ಕೆಲವು ವಾರ ನಾವಿಬ್ಬರೂ ಅಂಕಿಗಳನ್ನು ಓದುತ್ತ ಕುಳಿತೆವು. ಮೂರು ಪಾಲುಗಳು ಸಮಾನವಾಗಿರಲಿಲ್ಲ. ದೊಡ್ಡ ನಗರಗಳ ಪ್ರಯೋಗಾಲಯಗಳೆಲ್ಲ ಒಂದೇ ಪಾಲಿನಲ್ಲಿ ಬಿದ್ದಿದ್ದವು. ಅಲ್ಲಿ ಡಿಸ್ಕಿನಿಂದ ಕ್ಯಾಶಿಗೆ ಎಳೆದುಕೊಳ್ಳುವ ಪುಟಗಳ ಸಂಖ್ಯೆ ಇಳಿಯುತ್ತಲೇ ಇರಲಿಲ್ಲ. ಅದಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಕಿ: ತಿದ್ದಿದ್ದರೂ ಇನ್ನೂ ಡಿಸ್ಕಿಗೆ ಬರೆಯದ ಪುಟಗಳದ್ದು. ಇವು ಕ್ಯಾಶಿನ ನೂರಕ್ಕೆ 5ನ್ನು ದಾಟಿದರೆ ಹಿನ್ನೆಲೆಯ ಕೆಲಸಗಾರರು ಬರೆಯತೊಡಗುತ್ತಾರೆ. 20ನ್ನು ದಾಟಿದರೆ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸಗಾರರನ್ನೇ ಅದಕ್ಕೆ ಎಳೆಯಲಾಗುತ್ತದೆ. ಊಟದ ಮನೆಯಲ್ಲಿ ಮುಸುರೆ ಪಾತ್ರೆಗಳು ರಾಶಿ ಬಿದ್ದು, ಬಡಿಸುವವರೇ ತೊಳೆಯಲು ಹೋದರೆ ಹೇಗೋ ಹಾಗೆ. ಪಂಕ್ತಿಯಲ್ಲಿ ಕುಳಿತವರಿಗೆ ಕಾರಣ ತಿಳಿಯುವುದಿಲ್ಲ. ಸಾರು ಬರಲಿಲ್ಲ ಎಂದಷ್ಟೇ ತಿಳಿಯುತ್ತದೆ. ಕ್ಯಾಶನ್ನು ಸುಮ್ಮನೆ ದೊಡ್ಡದು ಮಾಡಿದರೆ ಮುಸುರೆಯ ರಾಶಿಗೂ ಜಾಗ ದೊಡ್ಡದಾಗುತ್ತದೆ. ನಿಮಿಷಕ್ಕೊಮ್ಮೆ ಎಲ್ಲವನ್ನೂ ಡಿಸ್ಕಿಗೆ ಮುಟ್ಟಿಸುವ ಹೊತ್ತಿನಲ್ಲಿ ಡಿಸ್ಕಿಗೆ ಉಸಿರುಗಟ್ಟುತ್ತದೆ. ಹತ್ತು, ಹನ್ನೆರಡು, ಹದಿನಾರು ಎಂದು ಪ್ರಯತ್ನಿಸಿ, ಕೊನೆಗೆ ದೊಡ್ಡ ಪಾಲಿಗೆ 14, ಉಳಿದೆರಡಕ್ಕೆ 8 ಮತ್ತು 8 ಎಂದು ನಿಲ್ಲಿಸಿದೆವು. ಮೊತ್ತ ಅದೇ ಮೂವತ್ತು. ಆ ದಿನಗಳಲ್ಲಿ ಆಕೆ ಇನ್ನೊಂದು ಮಾತನ್ನೂ ಹೇಳುತ್ತಿದ್ದಳು: ದೊಡ್ಡ ಪಾಲಿನಲ್ಲಿ ಯಾರೂ ಬಳಸದ ಸೂಚಿಗಳಿವೆ, ಅವೂ ಕ್ಯಾಶಿನಲ್ಲಿ ಜಾಗ ತಿನ್ನುತ್ತಿವೆ ಎಂದು. ಆಮೇಲೆ ನೋಡೋಣ ಎಂದಿದ್ದೆ.

ಈಗ ಹೇಳಬೇಕಾದುದನ್ನು ಹೇಳಲು ಇಷ್ಟು ಬಳಸಿ ಬಂದೆನೇನೋ.

ಘಟನೆಯ ವರದಿಯನ್ನು ಬರೆಯುವ ಹೊಣೆ ನನ್ನದಾಗಿತ್ತು. ಇಂಗ್ಲಿಷಿನಲ್ಲಿ ಬರೆದೆ. ಕರ್ತೃವನ್ನು ಹೆಸರಿಸದೆ ಕ್ರಿಯೆಯನ್ನು ಮಾತ್ರ ಹೇಳುವ ಸೌಕರ್ಯ ಆ ಭಾಷೆಯ ಕಚೇರಿ ಬರಹದಲ್ಲಿ ಬಹಳವಿದೆ. ಮಿತಿಯನ್ನು ನಮೂದಿಸಲಾಗಿರಲಿಲ್ಲ, ಸಾಧ್ಯತೆಯನ್ನು ಪರಿಗಣಿಸಲಾಗಿರಲಿಲ್ಲ. ಯಾರು ನಮೂದಿಸಲಿಲ್ಲ, ಯಾರು ಬೇಡವೆಂದರು ಎಂಬುದು ವರದಿಯಲ್ಲಿಲ್ಲ. ಕನ್ನಡಕ್ಕೂ ಕರ್ಮಣಿ ಪ್ರಯೋಗವಿದೆ ಎಂದು ವ್ಯಾಕರಣ ಬಲ್ಲವರು ಹೇಳಬಹುದು. ಇದೆ, ನಿಜ, ಆದರೆ ಮನೆಯ ಅಂಗಳದಲ್ಲಿ ನಿಂತು ‘ನೀರು ಕಟ್ಟಲ್ಪಟ್ಟಿತು’ ಎಂದು ಯಾರೂ ಹೇಳುವುದಿಲ್ಲ. ‘ಯಾರು ಕಟ್ಟಿದ್ದು?’ ಎಂಬ ಪ್ರಶ್ನೆ ಮರುಕ್ಷಣದಲ್ಲಿ ಬರುತ್ತದೆ. ನನ್ನ ವರದಿಯನ್ನು ಓದಿದವರು ಆ ಪ್ರಶ್ನೆಯನ್ನು ನನಗೆ ಕೇಳಲಿಲ್ಲ. ಜಾರಿಯ ಟಿಕೆಟನ್ನು ತೆರೆದು ನೋಡಿದರು. ಅದರಲ್ಲಿದ್ದುದು ಆಕೆಯ ಹೆಸರು.

ಆ ವರ್ಷದ ಮೌಲ್ಯಮಾಪನದಲ್ಲಿ ಆಕೆಗೆ ಕೆಳಗಿನ ದರ್ಜೆ ಬಂತು. ‘ಎಚ್ಚರಿಕೆ ಸಾಲದು’ ಎಂಬ ಅರ್ಥದ ಒಂದು ವಾಕ್ಯವೂ. ಆ ಸಭೆಯಲ್ಲಿ ನಾನಿದ್ದೆ. ಹೇಳಬಹುದಾಗಿತ್ತು. ಮನೆಸಾಲದ ಕಂತು, ಮಗನ ಶಾಲೆ, ನನ್ನ ಮುಂದಿನ ಬಡ್ತಿ, ಇವೆಲ್ಲ ಆ ಹೊತ್ತಿನಲ್ಲಿ ತಲೆಯಲ್ಲಿ ಬಂದುಹೋದವು ಎನ್ನುವುದು ಕಾರಣವಾದೀತೇ ಹೊರತು ಸಮರ್ಥನೆಯಾಗದು. ಐದು ತಿಂಗಳ ಬಳಿಕ ಆಕೆ ಕೆಲಸ ಬಿಟ್ಟಳು. ಬೀಳ್ಕೊಡುವ ದಿನ ಎಲ್ಲರಿಗೂ ಸಿಹಿ ಹಂಚಿ, ನನ್ನ ಮೇಜಿಗೂ ಬಂದು, “ಬರ್ತೀನ್ರಿ ಸರ್” ಎಂದಳು.

ಎರಡು ವರ್ಷಗಳ ಹಿಂದೆ, ಊರಿಗೆ ಬಂದಿದ್ದಾಗ, ಕುಂಭ ಮಾಸದ ಒಂದು ಸಂಜೆ ಸುರಂಗದ ಬಾಯಿಯಲ್ಲಿ ಕುಳಿತಿದ್ದೆ. ಮೂರು ಕೆರೆಗಳಲ್ಲಿ ಈಗ ಒಂದರಲ್ಲಷ್ಟೇ ನೀರು. ದೊಡ್ಡಪ್ಪನ ಮಕ್ಕಳು ಕೊಳವೆಬಾವಿ ಕೊರೆಸಿದ್ದಾರೆ. ಅಪ್ಪಚ್ಚಿಯ ಕೆರೆ ತುಂಬ ಹುಲ್ಲು ಬೆಳೆದಿದೆ. ನಮ್ಮ ಪಾಲಿಗೆ ಸುರಂಗ ಪೂರ್ತಿಯಾಗಿ ಬಂದಿದೆ, ಜಗಳವಿಲ್ಲದೆ. ಅಲ್ಲಿಂದಲೇ ಆಕೆಗೆ ಫೋನ್ ಮಾಡಿದೆ. ಹಳೆಯ ಸಹೋದ್ಯೋಗಿಯೊಬ್ಬರಿಂದ ಸಂಖ್ಯೆ ಪಡೆದು ತಿಂಗಳುಗಳೇ ಆಗಿದ್ದವು.

ಕುಶಲದ ಮಾತು ಮುಗಿದ ಮೇಲೆ ಹೇಳಿದೆ: “ಆವತ್ತು ನೀನು ಕೇಳಿದ್ದೆ. ಬೇಡ ಎಂದವನು ನಾನು. ತಪ್ಪು ನನ್ನದು. ಅದನ್ನು ಹೇಳಬೇಕಾದ ಕಡೆ ನಾನು ಹೇಳಲಿಲ್ಲ.”

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಳಿಕ, “ಗೊತ್ತದರಿ ಸರ್” ಎಂದಳು. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ; ಪರವಾಗಿಲ್ಲ ಎಂದೂ ಅನ್ನಲಿಲ್ಲ. ಹಾಗೆ ಅನ್ನದೆ ಇದ್ದುದೇ ಸರಿಯೆಂದು ನನಗೆ ತೋರಿತು. ಫೋನ್ ಇಡುವ ಮುನ್ನ ಆಕೆಯೇ ಕೇಳಿದಳು: “ಈಗ ಎಷ್ಟು ಇಟ್ಟೀರಿ ಸರ್?”

“ಹದಿನಾಲ್ಕು, ಎಂಟು, ಎಂಟು.”

“ಇನ್ನೂ ಹದಿನಾಲ್ಕಾ? ಅದರಾಗಿನ ಹಳೇ ಇಂಡೆಕ್ಸ್ ತೆಗದಿಲ್ಲೇನ್ರಿ?”

ತೆಗೆದಿರಲಿಲ್ಲ. ಬೆಂಗಳೂರಿಗೆ ಹಿಂದಿರುಗಿ, ಯಾವ ಸೂಚಿಯನ್ನು ಎಷ್ಟು ಸಲ ಬಳಸಲಾಗಿದೆ ಎಂಬ ಎಣಿಕೆಯನ್ನು ಮೂರೂ ಪ್ರತಿಗಳಲ್ಲಿ ಒಂದು ತಿಂಗಳು ಗಮನಿಸಿದೆ. ಈ ಎಣಿಕೆ ಒಂದೊಂದು ಪ್ರತಿಗೂ ಬೇರೆ ಬೇರೆ; ಒಂದನ್ನಷ್ಟೇ ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೇವೆ. ಎರಡು ಸೂಚಿಗಳ ಎಣಿಕೆ ಎಲ್ಲ ಕಡೆಯೂ ಸೊನ್ನೆ. ಎಂದೋ ನಿಂತುಹೋದ ಫೋನ್ ಸಂಖ್ಯೆಯ ಹುಡುಕಾಟಕ್ಕಾಗಿ ಕಟ್ಟಿದವು. ಯಾರೂ ಓದದಿದ್ದರೂ ಪ್ರತಿ ಹೊಸ ವರದಿ ಬಂದಾಗಲೂ ಅವನ್ನು ತಿದ್ದಲೇಬೇಕಾಗುತ್ತಿತ್ತು. ತಿದ್ದಿದ ಪುಟಗಳೆಲ್ಲ ಮುಸುರೆಯ ರಾಶಿಗೆ ಸೇರುತ್ತಿದ್ದವು. 4.4ರ ಆವೃತ್ತಿಯಿಂದ ಸೂಚಿಯನ್ನು ಅಳಿಸದೆ ಮೊದಲು ಮರೆಮಾಡಿ ನೋಡುವ ಅವಕಾಶವಿದೆ. ಹತ್ತು ದಿನ ಮರೆಮಾಡಿದೆ. ಎಲ್ಲಿಂದಲೂ ದೂರು ಬರಲಿಲ್ಲ. ಅಳಿಸಿದೆ. ದೊಡ್ಡ ಪಾಲಿನ ಕ್ಯಾಶ್ ಹದಿನಾಲ್ಕರಿಂದ ಹನ್ನೊಂದಕ್ಕೆ ಇಳಿದರೂ ವರದಿಗಳು ಮೊದಲಿಗಿಂತ ಚುರುಕಾಗಿ ಹೊರಬಂದವು.

ಆ ಬದಲಾವಣೆಯ ಟಿಕೆಟನ್ನು ನಾನೇ ತುಂಬಿದೆ. ಹೊಣೆ ಎಂಬಲ್ಲಿ ನನ್ನ ಹೆಸರು. ಕಾರಣ ಎಂಬಲ್ಲಿ, 2019ರಲ್ಲಿಯೇ ಇದನ್ನು ಸೂಚಿಸಿದವರು ಇಂಥವರು, ಕ್ಯಾಶಿನ ಮಿತಿಯನ್ನು ನಿಗದಿಪಡಿಸಬೇಕೆಂದು ಮೊದಲು ಹೇಳಿದವರೂ ಅವರೇ, ಎರಡನ್ನೂ ಆಗ ತಡೆದವನು ನಾನು ಎಂದು ಆಕೆಯ ಪೂರ್ಣ ಹೆಸರಿನೊಂದಿಗೆ ಬರೆದೆ. ಒಪ್ಪಿಗೆ ನೀಡಬೇಕಾಗಿದ್ದ ಮೇಲಿನವರು ಓದಿ, ಇದೆಲ್ಲ ಇಲ್ಲಿ ಅಗತ್ಯವೇ ಎಂದು ಕೇಳಿದರು. ಅಗತ್ಯ ಎಂದೆ. ಒಪ್ಪಿಗೆಯ ಗುಂಡಿಯನ್ನು ಒತ್ತಿದರು.